ಅಮ್ಮನ ಆರೈಕೆ ಮನೆಯಲ್ಲೇ: ಮೆಡಿಕೇರ್ ಯಾವುದಕ್ಕೆ ದುಡ್ಡು ಕೊಡುತ್ತೆ, ಯಾವುದಕ್ಕೆ ಇಲ್ಲ?

ಟ್ರೆಂಟನ್‌ಮಗಳು

ಎಲ್ಲರಿಗೂ ನಮಸ್ಕಾರ. ಅಮ್ಮನಿಗೆ 79. ಅಮೆರಿಕದ ಸಿಟಿಜನ್, ಒರಿಜಿನಲ್ ಮೆಡಿಕೇರ್ (ಹಿರಿಯರಿಗೆ ಇಲ್ಲಿನ ಸರ್ಕಾರವೇ ನಡೆಸುವ ಆರೋಗ್ಯ ವಿಮೆ) ಇದೆ, ಪಾರ್ಟ್ ಎ (ಆಸ್ಪತ್ರೆ ಖರ್ಚು) ಮತ್ತು ಬಿ (ಡಾಕ್ಟರ್, ಹೊರರೋಗಿ ಖರ್ಚು) ಎರಡೂ. ಹೋದ ತಿಂಗಳು ಬಾತ್‌ರೂಮಿನಲ್ಲಿ ಬಿದ್ದು ಸೊಂಟದ ಮೂಳೆ ಮುರಿಯಿತು. ಆಪರೇಷನ್ ಆಗಿ ಈಗ ರಿಹ್ಯಾಬ್‌ನಲ್ಲಿದ್ದಾರೆ (ಚೇತರಿಕೆ ಕೇಂದ್ರ), ಮುಂದಿನ ವಾರ ಮನೆಗೆ. ಅಲ್ಲಿನ ಸೋಷಿಯಲ್ ವರ್ಕರ್ "ಹೋಮ್ ಹೆಲ್ತ್ (ಮನೆಗೇ ಬಂದು ಕೊಡುವ ಚಿಕಿತ್ಸೆ) ಆರ್ಡರ್ ಹಾಕಿದ್ದೇವೆ, ಮೆಡಿಕೇರ್ ಪೂರ್ತಿ ಕೊಡುತ್ತದೆ" ಎಂದರು.

ನಾವಿಬ್ಬರೂ ಕೆಲಸಕ್ಕೆ ಹೋಗುವವರು. ನನ್ನ ಪ್ರಶ್ನೆ ಸರಳ. ಹಗಲು ಅಮ್ಮನ ಜೊತೆ ಯಾರಾದರೂ ಇರುತ್ತಾರಾ? ಒಬ್ಬರು ವಾರಕ್ಕೆ 28 ಗಂಟೆ ಸಿಗುತ್ತೆ ಅಂತಾರೆ. ಇನ್ನೊಬ್ಬರು ಅದೆಲ್ಲ ಸುಳ್ಳು, ಏನೂ ಸಿಗಲ್ಲ ಅಂತಾರೆ. ಯಾವುದು ನಿಜ?

ಮಂಡ್ಯನರ್ಸ್

ನಾನು ಹೋಮ್ ಹೆಲ್ತ್‌ನಲ್ಲೇ ನರ್ಸ್. ದಿನಾ ಇದೇ ಪ್ರಶ್ನೆಗೆ ಯಾರದಾದರೂ ಅಡುಗೆಮನೆಯಲ್ಲಿ ನಿಂತು ಉತ್ತರ ಹೇಳುತ್ತಿರುತ್ತೇನೆ. ಇಬ್ಬರೂ ಅರ್ಧರ್ಧ ಸರಿ.

ಮೊದಲು ಬೇಸರದ ಸುದ್ದಿ. ಹಗಲೆಲ್ಲ ಜೊತೆಗಿರುವವರು ಸಿಗುವುದಿಲ್ಲ. ಅಡುಗೆ, ಬಟ್ಟೆ ಒಗೆಯುವುದು, ಬೀಳದ ಹಾಗೆ ನೋಡಿಕೊಳ್ಳುವುದು, ಇಷ್ಟೇ ಬೇಕಿದ್ದರೆ ಮೆಡಿಕೇರ್ ಒಂದು ಡಾಲರೂ ಕೊಡುವುದಿಲ್ಲ. ಸ್ನಾನ, ಬಟ್ಟೆ ಹಾಕಿಸುವುದಕ್ಕೂ ಅಷ್ಟೇ, ಅದೊಂದೇ ಬೇಕು ಅಂದರೆ ಇಲ್ಲ.

ಕೊಡುವುದು ಇದಕ್ಕೆ: ನರ್ಸ್ ಮಾಡಬೇಕಾದ ಕೆಲಸ (ಗಾಯದ ಡ್ರೆಸ್ಸಿಂಗ್, ಇಂಜೆಕ್ಷನ್, ಹೊಸ ಔಷಧಿ ಶುರುವಾದಾಗ ಗಮನಿಸುವುದು), ಫಿಸಿಕಲ್ ಥೆರಪಿ, ಸ್ಪೀಚ್ ಥೆರಪಿ. ಈ ಮೂರರಲ್ಲಿ ಒಂದಾದರೂ ಬೇಕು ಅಂತ ಡಾಕ್ಟರ್ ಬರೆದರೆ ಬಾಗಿಲು ತೆರೆಯುತ್ತದೆ. ಆಮೇಲೆ ಆಕ್ಯುಪೇಷನಲ್ ಥೆರಪಿಸ್ಟ್ (ದಿನನಿತ್ಯದ ಕೆಲಸ ಮತ್ತೆ ಮಾಡಲು ಕಲಿಸುವವರು), ಸೋಷಿಯಲ್ ವರ್ಕರ್, ಸ್ನಾನ ಮಾಡಿಸುವ ಏಡ್ (ಸಹಾಯಕರು) ಎಲ್ಲರೂ ಒಳಗೆ ಬರಬಹುದು. ಇಷ್ಟಕ್ಕೂ ನೀವು ಕೈಯಿಂದ ಏನೂ ಕೊಡಬೇಕಿಲ್ಲ. ಡಿಡಕ್ಟಿಬಲ್ (ವಿಮೆ ಕೊಡಲು ಶುರುಮಾಡುವ ಮೊದಲು ನಾವು ಕಟ್ಟುವ ಮೊತ್ತ) ಇಲ್ಲ, ಕೋಪೇ (ಪ್ರತಿ ಸಲದ ನಮ್ಮ ಪಾಲು) ಇಲ್ಲ. ಸೋಷಿಯಲ್ ವರ್ಕರ್ ಹೇಳಿದ "ಪೂರ್ತಿ" ಅಂದರೆ ಇದು.

28 ಗಂಟೆ ಎಂಬುದು ಕಾನೂನಿನಲ್ಲಿರುವ ಮೇಲ್ಮಿತಿ. ನರ್ಸ್ ಮತ್ತು ಏಡ್ ಇಬ್ಬರ ಸಮಯ ಸೇರಿ ದಿನಕ್ಕೆ 8 ಗಂಟೆಯೊಳಗೆ, ವಾರಕ್ಕೆ 28 ಗಂಟೆವರೆಗೆ. ತೀರಾ ಅಗತ್ಯವಿದ್ದರೆ ಸ್ವಲ್ಪ ದಿನದ ಮಟ್ಟಿಗೆ 35. ಮಿತಿ ಅಷ್ಟಿದೆ ಅಂದ ಮಾತ್ರಕ್ಕೆ ಅಷ್ಟು ಸಿಗುತ್ತೆ ಅಂತಲ್ಲ. ನಾನು ಕಂಡಂತೆ ಏಡ್ ಬರುವುದು ವಾರಕ್ಕೆ ಎರಡು ಮೂರು ಸಲ, ಬಂದರೆ ಮುಕ್ಕಾಲು ಗಂಟೆ, ಜಾಸ್ತಿ ಅಂದರೆ ಒಂದು ಗಂಟೆ. ಥೆರಪಿಸ್ಟ್ ಕೂಡ ಹಾಗೇ.

ಡಲ್ಲಾಸ್‌ಹುಡುಗ

ಕಾಗದದ ಮೇಲೆ 28, ಬರುವುದು 3. ಮಧ್ಯದ 25 ಎಲ್ಲಿ ಹೋಯ್ತು? ನರ್ಸ್, ಏಡ್‌ಗಳನ್ನು ಕಳಿಸುವ ಹೋಮ್ ಹೆಲ್ತ್ ಏಜೆನ್ಸಿಗಳು ದುಡ್ಡು ನುಂಗುತ್ತವೆ ಅಷ್ಟೇ.

ಮಂಡ್ಯನರ್ಸ್

ನುಂಗುತ್ತವೆ ಅನ್ನುವುದಕ್ಕಿಂತ ದುಡ್ಡು ಬರುವ ರೀತಿಯೇ ಹಾಗಿದೆ. ಮೆಡಿಕೇರ್ ಏಜೆನ್ಸಿಗೆ ಭೇಟಿ ಲೆಕ್ಕದಲ್ಲಿ ಕೊಡುವುದಿಲ್ಲ. 30 ದಿನಕ್ಕೆ ಇಷ್ಟು ಅಂತ ಒಟ್ಟಾಗಿ ಕೊಡುತ್ತದೆ, ರೋಗಿಯ ಸ್ಥಿತಿ ನೋಡಿ. ತೀರಾ ಕಡಿಮೆ ಸಲ ಹೋದರೆ ಮಾತ್ರ ಕಟ್ ಆಗುತ್ತದೆ. ಆ ಗೆರೆ ದಾಟಿದ ಮೇಲೆ ಪ್ರತಿ ಹೆಚ್ಚುವರಿ ಭೇಟಿ ಏಜೆನ್ಸಿಗೆ ಖರ್ಚು. 2020ಕ್ಕೆ ಮೊದಲು ಥೆರಪಿ ಭೇಟಿ ಹೆಚ್ಚಾದರೆ ದುಡ್ಡೂ ಹೆಚ್ಚು ಬರುತ್ತಿತ್ತು. ಆ ವರ್ಷದ ಜನವರಿಯಿಂದ ಅದು ನಿಂತಿತು. ಮೊದಲು ಬೇಡದವರಿಗೂ ಥೆರಪಿ ಕೊಡುತ್ತಿದ್ದರು, ಈಗ ಬೇಕಾದವರಿಗೂ ಕೊಡಲು ಹಿಂದೆಮುಂದೆ ನೋಡುತ್ತಾರೆ. ಸರ್ಕಾರ ಒಂದು ಚಟ ಬಿಡಿಸಲು ಹೋಗಿ ಇನ್ನೊಂದು ಹಚ್ಚಿತು ಅಂತ ನನಗನಿಸುತ್ತೆ.

ಅದಕ್ಕೇ ನೀವು ಮನೆಯವರು ಕೇಳಬೇಕು. ಪ್ಲಾನ್ ಆಫ್ ಕೇರ್ ಅಂತ ಒಂದು ಕಾಗದ ಇರುತ್ತೆ, ಡಾಕ್ಟರ್ ಸಹಿ ಹಾಕಿದ್ದು. ಯಾರು, ವಾರಕ್ಕೆ ಎಷ್ಟು ಸಲ, ಯಾವುದಕ್ಕೆ ಬರುತ್ತಾರೆ ಅಂತ ಅದರಲ್ಲಿದೆ. ಏಡ್ ಹೆಸರಿಲ್ಲದಿದ್ದರೆ ಡಾಕ್ಟರಿಗೆ ಫೋನ್ ಮಾಡಿ ಸೇರಿಸಲು ಹೇಳಿ. ಎಷ್ಟೋ ಮನೆಯವರು ಏಡ್ ಸಿಗುತ್ತಾರೆ ಅಂತಲೇ ಗೊತ್ತಿಲ್ಲದೆ ಸುಮ್ನಿರುತ್ತಾರೆ.

ಕಾಫಿಪುಡಿ

ಇದೆಲ್ಲ ಸಿಗಲು ಅಮ್ಮನವರು "ಹೋಮ್‌ಬೌಂಡ್" (ಸುಲಭವಾಗಿ ಮನೆ ಬಿಟ್ಟು ಹೊರಡಲಾಗದವರು) ಅಂತ ತೋರಿಸಬೇಕಲ್ವಾ? ನಮ್ಮ ಅತ್ತೆಗೆ ಅದೇ ಭಯ. ಶನಿವಾರ ದೇವಸ್ಥಾನಕ್ಕೆ ಹೋದರೆ ಎಲ್ಲ ಕ್ಯಾನ್ಸಲ್ ಆಗುತ್ತೆ ಅಂತ ಯಾರೋ ಹೆದರಿಸಿದ್ದಾರೆ. ಪಾಪ, ಕಿಟಕಿ ಪಕ್ಕ ಕೂತು ಯೂಟ್ಯೂಬಿನಲ್ಲಿ ಪೂಜೆ ನೋಡುತ್ತಾರೆ.

ಮಂಡ್ಯನರ್ಸ್

ಅಯ್ಯೋ, ಧಾರಾಳವಾಗಿ ಕಳಿಸಿ! ದೇವರ ಕಾರ್ಯಕ್ಕೆ ಹೋಗಿಬರುವುದು ಹೋಮ್‌ಬೌಂಡ್ ಲೆಕ್ಕಕ್ಕೆ ಅಡ್ಡಿಯಲ್ಲ ಅಂತ ಕಾನೂನಿನಲ್ಲೇ ಇದೆ. ಡಾಕ್ಟರ್ ಹತ್ತಿರ ಹೋಗುವುದು, ಡಯಾಲಿಸಿಸ್, ಅಡಲ್ಟ್ ಡೇ ಕೇರ್ ಕೂಡ ಅಡ್ಡಿಯಿಲ್ಲ. ಅಪರೂಪಕ್ಕೆ ಕ್ಷೌರದಂಗಡಿ, ಮೊಮ್ಮಗನ ಗ್ರಾಜುಯೇಷನ್, ಒಂದು ಮದುವೆ, ಇವೂ ಆಗುತ್ತೆ. ಹಾಸಿಗೆ ಹಿಡಿದಿರಬೇಕಿಲ್ಲ.

ಇರಬೇಕಾದದ್ದು ಇಷ್ಟು: ಹೊರಗೆ ಹೋಗಲು ವಾಕರ್, ವೀಲ್‌ಚೇರ್, ವಿಶೇಷ ಗಾಡಿ ಅಥವಾ ಇನ್ನೊಬ್ಬರ ಕೈ ಬೇಕು, ಇಲ್ಲವೇ ಹೊರಗೆ ಹೋಗುವುದು ಆರೋಗ್ಯಕ್ಕೆ ಒಳ್ಳೆಯದಲ್ಲ ಅಂತ ಡಾಕ್ಟರ್ ಹೇಳಿರಬೇಕು. ಜೊತೆಗೆ, ಮನೆ ಬಿಟ್ಟು ಹೊರಡುವುದೇ ದೊಡ್ಡ ಶ್ರಮ ಆಗಿರಬೇಕು. ಮೆಟ್ಟಿಲಿಳಿದು ಕಾರಿನವರೆಗೆ ಬರುವಷ್ಟರಲ್ಲಿ ಏದುಸಿರು, ಬಂದ ಮೇಲೆ ಅರ್ಧ ದಿನ ಮಲಗುವುದು, ಇಂಥದ್ದು.

ಇದಕ್ಕಿಂತ ಮುಖ್ಯವಾದ ಮಾತು ಒಂದಿದೆ. ಮೊದಲ ಭೇಟಿಯಲ್ಲಿ ನಾವು ದೊಡ್ಡ ಪ್ರಶ್ನಾವಳಿ ತುಂಬುತ್ತೇವೆ, ಓಯಾಸಿಸ್ ಅಂತ ಅದರ ಹೆಸರು. ಏಜೆನ್ಸಿಗೆ ಎಷ್ಟು ದುಡ್ಡು, ನಿಮಗೆ ಎಷ್ಟು ಸೇವೆ ಎಂಬುದರ ಬುಡ ಅಲ್ಲಿದೆ. ನಮ್ಮ ಅಮ್ಮಂದಿರು ಅಲ್ಲೇ ಕೆಡಿಸುತ್ತಾರೆ. ಮನೆಗೆ ಬಂದವರ ಮುಂದೆ ಕಷ್ಟ ಹೇಳಿಕೊಳ್ಳಬಾರದು ಎಂಬ ಸಂಕೋಚ. ತಲೆ ಬಾಚಿ, ಬೊಟ್ಟಿಟ್ಟು, ಸೀರೆ ಉಟ್ಟು ಕೂತಿರುತ್ತಾರೆ. ಸ್ನಾನ ಹೇಗೆ ಮಾಡ್ತೀರಿ ಅಂತ ಕೇಳಿದರೆ "ಎಲ್ಲ ನಾನೇ ಮಾಡ್ಕೋತೀನಿ, ಏನೂ ತೊಂದರೆ ಇಲ್ಲ" ಎಂಬ ಉತ್ತರ. ಆ ಸೀರೆ ಉಡಿಸಲು ಮಗಳು ಬೆಳಿಗ್ಗೆ ಅರ್ಧ ಗಂಟೆ ನಿಂತಿದ್ದಳು ಅಂತ ನನಗೆ ಹೇಗೆ ಗೊತ್ತಾಗಬೇಕು? ಕನ್ನಡ ಬಾರದ ನರ್ಸ್ ಆದರಂತೂ "ಸ್ವತಂತ್ರವಾಗಿ ಬಟ್ಟೆ ಹಾಕಿಕೊಳ್ಳುತ್ತಾರೆ" ಅಂತ ಟಿಕ್ ಮಾಡಿ ಮುಂದೆ ಹೋಗುತ್ತಾರೆ. ಆ ಭೇಟಿಗೆ ಮನೆಯವರೊಬ್ಬರು ರಜೆ ಹಾಕಿ ಇರಲೇಬೇಕು. ಮುಂಚಿನ ರಾತ್ರಿಯೇ ಅಮ್ಮನಿಗೆ ಹೇಳಿಡಿ: ಅವರು ನೆಂಟರಲ್ಲ, ಅವರ ಮುಂದೆ ಮರ್ಯಾದೆಯ ಪ್ರಶ್ನೆ ಇಲ್ಲ, ಇದ್ದದ್ದು ಇದ್ದ ಹಾಗೆ ಹೇಳಬೇಕು.

ಕಾಫಿಪುಡಿ

ಸೀರೆ ಮಾತು ಓದಿ ನಕ್ಕೂ ನಕ್ಕೂ ಸಾಕಾಯ್ತು. ಅತ್ತೆ ನರ್ಸ್‌ಗೆ ಕಾಫಿ ಮಾಡಲು ಎದ್ದೇ ಬಿಟ್ಟಿದ್ದರು, ವಾಕರ್ ಪಕ್ಕಕ್ಕೆ ತಳ್ಳಿ.

ಸುಮ್ನೆಓದೋನು

ನಮ್ಮಪ್ಪನದು ಮೆಡಿಕೇರ್ ಅಡ್ವಾಂಟೇಜ್ (ಖಾಸಗಿ ವಿಮಾ ಕಂಪನಿ ನಡೆಸುವ ಮೆಡಿಕೇರ್ ಪ್ಲಾನ್). ಹಲ್ಲು, ಕಣ್ಣು, ಜಿಮ್ಮು ಎಲ್ಲ ಉಚಿತ ಅಂತ ಸೇರಿಸಿದ್ದು. ಸ್ಟ್ರೋಕ್ ಆದ ಮೇಲೆ ಮನೆ ಥೆರಪಿಗೆ ಪ್ಲಾನಿನವರ ಮುಂಗಡ ಒಪ್ಪಿಗೆ ಬೇಕಂತೆ. ಕೊಟ್ಟದ್ದು ಕೆಲವೇ ಭೇಟಿಗೆ. ಮತ್ತೆ ಅರ್ಜಿ, ಮತ್ತೆ ಕಾಯುವುದು. ನೆಟ್‌ವರ್ಕಿನಲ್ಲಿರುವ ಏಜೆನ್ಸಿಗೆ ಜನವೇ ಇಲ್ಲವಂತೆ. ಒರಿಜಿನಲ್‌ನಲ್ಲೂ ಇದೇ ಗೋಳಾ?

ಹುಬ್ಬಳ್ಳಿಪಿಟಿ

ಇಲ್ರೀ. ನಾ ಫಿಸಿಕಲ್ ಥೆರಪಿಸ್ಟ್, ಎರಡೂ ಥರದ ಪೇಷಂಟ್ ನೋಡ್ತೀನಿ. ಒರಿಜಿನಲ್ ಇದ್ದವರು ಮೆಡಿಕೇರ್ ಮಾನ್ಯತೆ ಇರುವ ಯಾವ ಏಜೆನ್ಸಿಯನ್ನಾದರೂ ಆರಿಸಬಹುದು. ಆಸ್ಪತ್ರೆಯವರು ಪಟ್ಟಿ ಕೊಡಬೇಕು, ತಮ್ಮದೇ ಏಜೆನ್ಸಿಗೆ ತಳ್ಳುವ ಹಾಗಿಲ್ಲ. ಮೆಡಿಕೇರ್‌ನ ಕೇರ್ ಕಂಪೇರ್ ವೆಬ್‌ಸೈಟಿನಲ್ಲಿ ಪ್ರತಿ ಏಜೆನ್ಸಿಗೂ ಸ್ಟಾರ್ ಇದೆ, ನೋಡಿ ಆರಿಸಿ.

ಅಡ್ವಾಂಟೇಜ್ ಪ್ಲಾನ್ ಕೂಡ ಒರಿಜಿನಲ್ ಕೊಡುವುದನ್ನೆಲ್ಲ ಕೊಡಲೇಬೇಕು. ಆದರೆ ಮುಂಗಡ ಒಪ್ಪಿಗೆ, ನೆಟ್‌ವರ್ಕು ಅನ್ನುವ ಎರಡು ಗೇಟು ನಿಲ್ಲಿಸುವ ಹಕ್ಕು ಅವರಿಗಿದೆ. ತಿರಸ್ಕರಿಸಿದರೆ ಅಪೀಲು ಹಾಕ್ರಿ. ಬಹಳ ಮಂದಿ ಹಾಕುವುದೇ ಇಲ್ಲ, ಪ್ಲಾನಿನವರಿಗೆ ಅದೇ ಬೇಕಾಗಿರುತ್ತದೆ. ಜನವರಿ 1ರಿಂದ ಮಾರ್ಚ್ 31ರವರೆಗೆ ಅಡ್ವಾಂಟೇಜ್ ಬಿಟ್ಟು ಒರಿಜಿನಲ್‌ಗೆ ಬರಬಹುದು. ಬರುವ ಮೊದಲು ಮೆಡಿಗ್ಯಾಪ್ ಪಾಲಿಸಿ (ಒರಿಜಿನಲ್ ಬಿಟ್ಟ ನಮ್ಮ ಪಾಲನ್ನು ಕೊಡುವ ಖಾಸಗಿ ವಿಮೆ) ಸಿಗುತ್ತದೋ ಇಲ್ಲವೋ ಖಾತ್ರಿ ಮಾಡಿಕೊಳ್ರಿ. ಬಹುತೇಕ ರಾಜ್ಯಗಳಲ್ಲಿ ಅವರು ಆರೋಗ್ಯ ವಿಚಾರಿಸಿ ಬೇಡ ಅನ್ನಬಹುದು.

ಇನ್ನೊಂದು. ಹೋಮ್ ಹೆಲ್ತ್ ನಡೆಯುತ್ತಿರುವಾಗ ಹೊರಗಿನ ಥೆರಪಿ ಕ್ಲಿನಿಕ್ಕಿಗೂ ಕರೆದೊಯ್ಯಬೇಡಿ. ಆ ದಿನಗಳ ಥೆರಪಿ ಲೆಕ್ಕವೆಲ್ಲ ಏಜೆನ್ಸಿಯ ಖಾತೆಗೆ ಸೇರಿರುತ್ತದೆ. ಕ್ಲಿನಿಕ್ಕಿನ ಬಿಲ್ಲಿಗೆ ಮೆಡಿಕೇರ್ ಕೊಡುವುದಿಲ್ಲ. ಮಕ್ಕಳು ಒಳ್ಳೆಯದಾಗಲಿ ಅಂತ ಎರಡೂ ಕಡೆ ಓಡಾಡಿಸಿ ಬಿಲ್ಲು ತಲೆ ಮೇಲೆ ಹಾಕಿಕೊಂಡದ್ದು ನೋಡೀನಿ.

ಟ್ರೆಂಟನ್‌ಮಗಳು

ಎಷ್ಟೊಂದು ವಿಷಯ, ಎಲ್ಲರಿಗೂ ಥ್ಯಾಂಕ್ಸ್. ಹಗಲಿಗೆ ನಾವೇ ಯಾರನ್ನಾದರೂ ಇಟ್ಟುಕೊಳ್ಳಬೇಕು ಅಂತಾಯ್ತು. ಇನ್ನೊಂದು ಅನುಮಾನ. ರಿಹ್ಯಾಬಿನಲ್ಲಿ ಅಮ್ಮನ ಪಕ್ಕದ ಹಾಸಿಗೆಯವರಿಗೆ "ನೀವು ಇನ್ನು ಸುಧಾರಿಸುತ್ತಿಲ್ಲ, ಆದ್ದರಿಂದ ಥೆರಪಿ ನಿಲ್ಲಿಸುತ್ತೇವೆ" ಅಂದರು. ಮನೆಗೆ ಬಂದ ಮೇಲೆ ನಮಗೂ ಹೀಗೇ ಹೇಳಿದರೆ?

ಹುಬ್ಬಳ್ಳಿಪಿಟಿ

ಇದಕ್ಕೇ ಕಾಯ್ತಿದ್ದೆ ನೋಡ್ರಿ.

ಸುಧಾರಿಸುತ್ತಿಲ್ಲ ಎಂಬುದೊಂದೇ ಕಾರಣಕ್ಕೆ ನಿಲ್ಲಿಸುವ ಹಾಗಿಲ್ಲ. ಜಿಮ್ಮೊ ಅಂತ ಒಂದು ಕೇಸು. ವರ್ಮಾಂಟ್‌ನ ಫೆಡರಲ್ ಕೋರ್ಟಿನಲ್ಲಿ ನಡೆಯಿತು, 2013ರ ಜನವರಿಯಲ್ಲಿ ರಾಜಿಗೆ ಕೋರ್ಟಿನ ಒಪ್ಪಿಗೆ ಸಿಕ್ಕಿತು. ಇರುವ ಸ್ಥಿತಿ ಕಾಪಾಡಿಕೊಳ್ಳಲು, ಕೆಡುವುದನ್ನು ನಿಧಾನಿಸಲು ನುರಿತವರ ಕೈ ಬೇಕಿದ್ದರೂ ಮೆಡಿಕೇರ್ ಕೊಡಬೇಕು ಎಂಬುದು ಅದರ ಸಾರ. ಮನೆ ಆರೈಕೆ, ನರ್ಸಿಂಗ್ ಹೋಮ್, ಹೊರಗಿನ ಥೆರಪಿ ಎಲ್ಲಕ್ಕೂ ಅನ್ವಯ. ಪಾರ್ಕಿನ್ಸನ್ಸ್, ಎಂಎಸ್ (ಮಲ್ಟಿಪಲ್ ಸ್ಕ್ಲೆರೋಸಿಸ್ ಎಂಬ ನರದ ಕಾಯಿಲೆ) ಇದ್ದವರಿಗೆ ಇದು ಜೀವದಾನ ಇದ್ದ ಹಾಗೆ, ಅವರು "ಸುಧಾರಿಸುವುದು" ಎಲ್ಲಿಂದ?

ಇಷ್ಟು ವರ್ಷ ಆದರೂ ನಮ್ಮ ಲೈನಿನಲ್ಲೇ "ಪ್ಲಾಟೋ ಆಯ್ತು (ಇನ್ನು ಸುಧಾರಣೆ ಇಲ್ಲ), ಡಿಸ್ಚಾರ್ಜ್" ಅನ್ನುವವರು ಇದ್ದಾರೆ. ಕೆಲವರಿಗೆ ಗೊತ್ತಿಲ್ಲ, ಕೆಲವರಿಗೆ ಗೊತ್ತಿದ್ದೂ ಬೇಕಿಲ್ಲ. ಜಿಮ್ಮೊ ಹೆಸರು ತೆಗೆದು ನೋಡ್ರಿ, ದನಿಯೇ ಬದಲಾಗುತ್ತದೆ.

ಹಾಗಂತ ಎಲ್ಲಕ್ಕೂ ನಡೆಯುವುದಿಲ್ಲ. ಕೈಕಾಲು ಆಡಿಸುವ ವ್ಯಾಯಾಮ ಮನೆಯವರೇ ಸುರಕ್ಷಿತವಾಗಿ ಮಾಡಿಸಬಹುದು ಅಂತಿದ್ದರೆ ಥೆರಪಿಸ್ಟ್ ಬೇಕು ಅಂತ ವಾದಿಸಲಾಗದು. ನುರಿತ ಕೈ ಯಾಕೆ ಬೇಕು ಅಂತ ನೋಟ್ಸ್‌ನಲ್ಲಿ ಇರಬೇಕು, ಅದನ್ನು ಬರೆಯುವವರು ನಾವು. ಒಳ್ಳೆಯ ಥೆರಪಿಸ್ಟ್ ಸಿಕ್ಕರೆ ಬಿಡಬೇಡಿ.

ಮಂಡ್ಯನರ್ಸ್

ನಿಲ್ಲಿಸುವ ಮೊದಲು ಏಜೆನ್ಸಿಯವರು ಒಂದು ನೋಟಿಸು ಕೊಡಬೇಕು, ಕನಿಷ್ಠ ಎರಡು ದಿನ ಮುಂಚೆ. ಅದರಲ್ಲಿ ಕ್ಯುಐಓ ಎಂಬ ಸಂಸ್ಥೆಯ ಫೋನ್ ನಂಬರ್ ಇರುತ್ತೆ. ಏಜೆನ್ಸಿಗೆ ಸಂಬಂಧವಿಲ್ಲದವರು, ಮೆಡಿಕೇರ್ ನೇಮಿಸಿದವರು. ಸೇವೆ ನಿಲ್ಲುವ ಹಿಂದಿನ ದಿನ ಮಧ್ಯಾಹ್ನ 12ರೊಳಗೆ ಫೋನ್ ಮಾಡಿದರೆ ಫಾಸ್ಟ್ ಅಪೀಲು ದಾಖಲಾಗುತ್ತದೆ. ಖರ್ಚಿಲ್ಲ. ಮನೆ ಆರೈಕೆ ವಿಷಯದಲ್ಲಿ, ನಿಲ್ಲಿಸಿದರೆ ಆರೋಗ್ಯಕ್ಕೆ ಅಪಾಯ ಅಂತ ಡಾಕ್ಟರ್ ಪತ್ರವೂ ಬೇಕು. ಅದನ್ನು ಮೊದಲೇ ಕೇಳಿಟ್ಟುಕೊಳ್ಳಿ, ಶುಕ್ರವಾರ ಸಂಜೆ ಡಾಕ್ಟರ್ ಸಿಗುವುದಿಲ್ಲ.

ಟ್ಯಾಬ್ಲೆಟ್ ಮುಂದೆ ಹಿಡಿದು "ಇಲ್ಲಿ ಒಂದು ಸೈನ್ ಮಾಡಿ" ಅಂತಾರಲ್ಲ, ಆ ಸೈನ್ ನೋಟಿಸು ತಲುಪಿತು ಎಂಬುದಕ್ಕೆ ಮಾತ್ರ. ಒಪ್ಪಿದೆ ಅಂತಲ್ಲ. ಕಾಗದದ ಪ್ರತಿ ಕೇಳಿ ಇಸ್ಕೊಳ್ಳಿ.

ಎಷ್ಟು ಕಾಲ ಸಿಗುತ್ತೆ ಅಂತ ಮುಂದಿನ ಪ್ರಶ್ನೆ ಬರುತ್ತೆ. ಡಾಕ್ಟರ್ 60 ದಿನಕ್ಕೊಮ್ಮೆ ಮತ್ತೆ ಸರ್ಟಿಫೈ ಮಾಡಬೇಕು. ಎಷ್ಟು ಸಲ ಬೇಕಾದರೂ ಮಾಡಬಹುದು, ಅಗತ್ಯ ಇರುವ ತನಕ. ಮೊದಲ ಸಲಕ್ಕೆ ಮಾತ್ರ ಎದುರಾಎದುರು ಪರೀಕ್ಷೆ ಬೇಕು. ಆರೈಕೆ ಶುರುವಾಗುವ ಮುಂಚಿನ 90 ದಿನದಲ್ಲೋ ಶುರುವಾದ 30 ದಿನದೊಳಗೋ ಆಗಿರಬೇಕು. ಡಾಕ್ಟರೇ ಆಗಬೇಕಿಲ್ಲ, 2020ರಿಂದ ನರ್ಸ್ ಪ್ರಾಕ್ಟಿಷನರ್, ಪಿಎ (ಫಿಸಿಷಿಯನ್ ಅಸಿಸ್ಟೆಂಟ್) ಕೂಡ ಸಹಿ ಹಾಕಬಹುದು.

ಡಲ್ಲಾಸ್‌ಹುಡುಗ

ಇಷ್ಟು ಹೋರಾಟ ಯಾಕೆ ಸ್ವಾಮಿ. ಮೈಸೂರಿಗೆ ಕರ್ಕೊಂಡು ಹೋಗಿ ಒಬ್ಬ ಹೋಮ್ ನರ್ಸ್ ಇಟ್ಟರೆ ಇಲ್ಲಿನ ಒಂದು ವಾರದ ದುಡ್ಡಲ್ಲಿ ತಿಂಗಳು ನಡೆಯುತ್ತೆ.

ಬೇಏರಿಯಾಭಾವ

ನಡೆಯುತ್ತೆ, ಯಾರು ಜೊತೆಗಿರ್ತಾರೆ ಅನ್ನೋದನ್ನ ಬಿಟ್ಟರೆ. ಮೆಡಿಕೇರ್ ವಿಮಾನ ಹತ್ತುವುದಿಲ್ಲ ಅನ್ನುವುದೂ ನೆನಪಿರಲಿ. ಅಲ್ಲಿ ಮತ್ತೆ ಬಿದ್ದರೆ ಆಸ್ಪತ್ರೆ ಬಿಲ್ಲು ಪೂರ್ತಿ ಕೈಯಿಂದ. ಹಾಗಂತ ಪಾರ್ಟ್ ಬಿ ಬಿಟ್ಟುಬಿಟ್ಟು, ಆಮೇಲೆ ವಾಪಸ್ ಬಂದರೆ ತಡವಾದ ಪ್ರತಿ 12 ತಿಂಗಳಿಗೆ 10 ಶೇಕಡಾ ದಂಡ, ಜೀವನಪೂರ್ತಿ.

ಇಲ್ಲೇ ಇರುವವರಿಗೆ ಕೆಲವು ದಾರಿಗಳಿವೆ. ಆದಾಯ, ಆಸ್ತಿ ಕಡಿಮೆ ಇದ್ದರೆ ಮೆಡಿಕೇಯ್ಡ್ ಎಂಬ ಸರ್ಕಾರಿ ನೆರವು. ಹಗಲೆಲ್ಲ ನೋಡಿಕೊಳ್ಳುವವರಿಗೆ ದುಡ್ಡು ಕೊಡುವುದು ಮೆಡಿಕೇರ್ ಅಲ್ಲ, ಅದು. ನಮ್ಮ ಕ್ಯಾಲಿಫೋರ್ನಿಯಾದಲ್ಲಿ ಐಎಚ್‌ಎಸ್‌ಎಸ್ ಅಂತಿದೆ, ಮಗ ಮಗಳೇ ಆರೈಕೆ ಮಾಡಿದರೂ ಗಂಟೆ ಲೆಕ್ಕದಲ್ಲಿ ಸಂಬಳ ಕೊಡುತ್ತದೆ. ಪ್ರತಿ ರಾಜ್ಯದ ನಿಯಮ ಬೇರೆ. ಅಪ್ಪ ಅಮ್ಮನ ಹೆಸರಿನ ಆಸ್ತಿಯನ್ನ ಇವತ್ತು ಮಕ್ಕಳ ಹೆಸರಿಗೆ ಬರೆಸಿ ನಾಳೆ ಅರ್ಜಿ ಹಾಕೋಣ ಅಂದುಕೊಂಡರೆ, ಐದು ವರ್ಷ ಹಿಂದಿನ ಲೆಕ್ಕ ಕೆದಕುವ ರಾಜ್ಯಗಳೇ ಜಾಸ್ತಿ. ಊರಿನ ಸೈಟನ್ನೂ ಮುಚ್ಚಿಡಬೇಡಿ, ಎಲ್ಡರ್ ಲಾ ವಕೀಲರ ಹತ್ತಿರ ಕೂತು ಮಾತಾಡಿ.

ಮರೆವಿನ ಕಾಯಿಲೆ ಇದ್ದರೆ ಗೈಡ್ ಅಂತ ಹೊಸ ಯೋಜನೆ ಇದೆ, 2024ರ ಜುಲೈನಲ್ಲಿ ಶುರುವಾಗಿದ್ದು. ಒರಿಜಿನಲ್ ಮೆಡಿಕೇರ್ ಇದ್ದವರಿಗೆ ಮಾತ್ರ, ಅದರಲ್ಲೂ ಆ ಯೋಜನೆಗೆ ಸೇರಿರುವ ಕ್ಲಿನಿಕ್ಕುಗಳಲ್ಲಿ ಮಾತ್ರ. ಕಾಯಿಲೆ ಮಧ್ಯಮ ಅಥವಾ ತೀವ್ರ ಹಂತದಲ್ಲಿದ್ದರೆ, ನೋಡಿಕೊಳ್ಳುವವರಿಗೆ ಬಿಡುವು ಸಿಗಲಿ ಅಂತ ವರ್ಷಕ್ಕೆ 2,500 ಡಾಲರ್‌ವರೆಗೆ ಬದಲಿ ಆರೈಕೆಗೆ ಕೊಡುತ್ತಾರೆ. ದೊಡ್ಡ ಮೊತ್ತವಲ್ಲ. ಆದರೆ ಸುಮ್ನೆ ಜೊತೆಗಿರುವುದಕ್ಕೆ ಮೆಡಿಕೇರ್ ಕೊಡುವುದು ಅಪರೂಪ, ನೋಡಿ.

ಸುಮ್ನೆಓದೋನು

ಗ್ರೀನ್ ಕಾರ್ಡ್ ಮೇಲೆ ಬಂದ ಅಪ್ಪ ಅಮ್ಮನಿಗೆ? ಅಣ್ಣ ಇಲ್ಲಿ 20 ವರ್ಷ ಟ್ಯಾಕ್ಸ್ ಕಟ್ಟಿದ್ದಾನೆ, ಅವನ ಲೆಕ್ಕದಲ್ಲಿ ಸಿಗಲ್ವಾ?

ಬೇಏರಿಯಾಭಾವ

ಇಲ್ಲ. ಗಂಡನ ದುಡಿಮೆ ಹೆಂಡತಿಗೆ, ಹೆಂಡತಿಯದು ಗಂಡನಿಗೆ ಲೆಕ್ಕಕ್ಕೆ ಬರುತ್ತೆ, ಮಗನದು ಬರುವುದಿಲ್ಲ. 65 ತುಂಬಿ, ಗ್ರೀನ್ ಕಾರ್ಡಿನಲ್ಲಿ ಐದು ವರ್ಷ ಸತತವಾಗಿ ಇಲ್ಲಿದ್ದರೆ ದುಡ್ಡು ಕೊಟ್ಟು ಕೊಳ್ಳಬಹುದು. 2025ರಲ್ಲಿ ಪಾರ್ಟ್ ಎ ತಿಂಗಳಿಗೆ 518 ಡಾಲರ್, ಬಿ 185 ಇತ್ತು. ಎ ಬೇಡ ಅಂತ ಬಿ ಒಂದನ್ನೇ ಕೊಂಡವರೂ ಇದ್ದಾರೆ. ಆಸ್ಪತ್ರೆಗೆ ಸೇರಿದರೆ ಅವರಿಗೆ ಕಷ್ಟ. ಆದರೆ ಮನೆ ಆರೈಕೆಗೆ ಬಿ ಒಂದಿದ್ದರೂ ಸಾಕು, ಇಲ್ಲಿ ಹೇಳಿದ್ದೆಲ್ಲ ಸಿಗುತ್ತೆ. ಸಂದರ್ಶಕ ವೀಸಾದವರಿಗೆ ಏನೂ ಇಲ್ಲ.

ನಿಮ್ಮ ರಾಜ್ಯದ ಶಿಪ್ (ಮೆಡಿಕೇರ್ ಸಲಹೆ ಕೊಡುವ ಸರ್ಕಾರಿ ಕಾರ್ಯಕ್ರಮ) ಕಚೇರಿಗೆ ಫೋನ್ ಮಾಡಿ. ಉಚಿತ ಸಲಹೆ, ಏನನ್ನೂ ಮಾರುವವರಲ್ಲ. ಪ್ಲಾನ್ ಮಾರುವ ಏಜೆಂಟರಿಗಿಂತ ಸಾವಿರ ಪಾಲು ವಾಸಿ.

ಟ್ರೆಂಟನ್‌ಮಗಳು

ಅಪ್‌ಡೇಟ್. ಅಮ್ಮ ಮನೆಗೆ ಬಂದರು. ಮೊದಲ ಭೇಟಿಗೆ ನಾನು ರಜೆ ಹಾಕಿ ಪಕ್ಕದಲ್ಲೇ ಕೂತೆ. ಹೇಳಿಟ್ಟಿದ್ದರೂ ಅಮ್ಮ ನರ್ಸ್‌ಗೆ "ಐ ಆಮ್ ಆಲ್‌ರೈಟ್" ಎಂದರು. ನಾನು ತಡೆದು, ಹಾಸಿಗೆಯಿಂದ ಎದ್ದು ಕಮೋಡಿಗೆ ಹೋಗಿ ತೋರಿಸಿ ಅಂದೆ. ಗೋಡೆ ಹಿಡಿದು, ನನ್ನ ಭುಜ ಹಿಡಿದು, ಮಧ್ಯದಲ್ಲಿ ನಿಂತು ಉಸಿರು ತಗೊಂಡು ಹೋದರು. ನರ್ಸ್ ಬರೆದದ್ದನ್ನೆಲ್ಲ ಅಳಿಸಿ ಮತ್ತೆ ಟೈಪ್ ಮಾಡಿದರು. ಈಗ ಪಿಟಿ (ಫಿಸಿಕಲ್ ಥೆರಪಿಸ್ಟ್), ಓಟಿ (ಆಕ್ಯುಪೇಷನಲ್ ಥೆರಪಿಸ್ಟ್), ನರ್ಸ್, ಜೊತೆಗೆ ಏಡ್ ಕೂಡ ಪ್ಲಾನಿನಲ್ಲಿದ್ದಾರೆ. ಹಗಲಿಗೆ ಒಬ್ಬ ಹೆಂಗಸನ್ನು ನಾವೇ ಇಟ್ಟುಕೊಂಡಿದ್ದೇವೆ. ಗಂಟೆಗೆ 30 ಡಾಲರ್ ಮೇಲಾಗುತ್ತೆ, ಕೈ ಸುಡುತ್ತಿದೆ.

ಬಾತ್‌ರೂಮಿನ ಗೋಡೆಗೆ ಹಿಡಿಕೆ, ಶವರ್ ಕುರ್ಚಿ ಬೇಕು ಅಂತ ಓಟಿ ಹೇಳಿದರು. ಇದು ಮೆಡಿಕೇರ್‌ಗೆ ಬರುತ್ತಾ?

ಹುಬ್ಬಳ್ಳಿಪಿಟಿ

ಶವರ್ ಕುರ್ಚಿ, ಗೋಡೆಯ ಹಿಡಿಕೆ ಬರೂದಿಲ್ಲ. ಜಾರಿ ಬಿದ್ದು ಮೂಳೆ ಮುರಿದರೆ ಸಾವಿರಾರು ಡಾಲರ್ ಕೊಡುವವರು, ಬೀಳದ ಹಾಗೆ ಹಾಕುವ ಹಿಡಿಕೆಗೆ ಕೊಡೂದಿಲ್ಲ. ಏನನ್ನಬೇಕೋ ತಿಳಿಯದು. ಹಾಸಿಗೆ ಪಕ್ಕ ಇಡುವ ಕಮೋಡ್ ಕುರ್ಚಿ, ವಾಕರ್, ವೀಲ್‌ಚೇರ್, ಆಸ್ಪತ್ರೆ ಮಂಚ ಇವಕ್ಕೆ ಡಾಕ್ಟರ್ ಬರೆದುಕೊಟ್ಟರೆ ಪಾರ್ಟ್ ಬಿ ಕೊಡುತ್ತದೆ. ಡಿಡಕ್ಟಿಬಲ್ ಮುಗಿದ ಮೇಲೆ, 2025ರಲ್ಲಿ ಅದು 257 ಡಾಲರ್ ಇತ್ತು, ನಿಮ್ಮ ಪಾಲು 20 ಶೇಕಡಾ. ಮೆಡಿಗ್ಯಾಪ್ ಇದ್ದರೆ ಆ 20 ಕೂಡ ಅದರಲ್ಲಿ ಹೋಗಬಹುದು. ಮೆಡಿಕೇರ್ ದರ ಒಪ್ಪುವ ಅಂಗಡಿಯಿಂದಲೇ ತರಿಸಿ.

ಮಂಡ್ಯನರ್ಸ್

ಡ್ರೆಸ್ಸಿಂಗ್ ಸಾಮಾನು ನೀವು ಕೊಳ್ಳಬೇಡಿ, ಗಾಯದ ಪಟ್ಟಿ ಎಲ್ಲ ಏಜೆನ್ಸಿಯೇ ತರಬೇಕು. ಹಗಲಿನ ಹೆಂಗಸನ್ನು ಏಜೆನ್ಸಿ ಮೂಲಕ ಅಲ್ಲದೆ ನೇರವಾಗಿ ಇಟ್ಟುಕೊಂಡಿದ್ದರೆ ಟ್ಯಾಕ್ಸ್ ನೋಡಿಕೊಳ್ಳಿ. ಒಬ್ಬರಿಗೆ ವರ್ಷಕ್ಕೆ ಕೊಟ್ಟದ್ದು ಒಂದು ಮಿತಿ (2025ರಲ್ಲಿ ಅದು 2,800 ಡಾಲರ್ ಇತ್ತು) ಮುಟ್ಟಿದರೆ ಸೋಷಿಯಲ್ ಸೆಕ್ಯುರಿಟಿ, ಮೆಡಿಕೇರ್ ಟ್ಯಾಕ್ಸ್ ನೀವೇ ಕಟ್ಟಬೇಕು. ಏಡ್ ಬರುವ ದಿನ ಸ್ನಾನ ಮಾಡಿಸುವುದನ್ನು ನೋಡಿ ಕಲಿಯಲು ಆ ಹೆಂಗಸಿಗೂ ಹೇಳಿ.

ಕಾಫಿಪುಡಿ

ಆ ಕಮೋಡ್ ಕುರ್ಚಿಯ ಕೆಳಗಿನ ಬಕೆಟ್ ತೆಗೆದು, ಟಾಯ್ಲೆಟ್ ಮೇಲೇ ಕೂರಿಸಬಹುದು. ಎತ್ತರ ಸಿಗುತ್ತೆ, ಎರಡೂ ಕಡೆ ಕೈ ಇರುತ್ತೆ. ನಮ್ಮ ಮನೆಯಲ್ಲಿ ಹಾಗೇ ಮಾಡಿದ್ದು. ಗೋಡೆಗೆ ಹಿಡಿಕೆ ಹಾಕಿಸುವವರೆಗೆ ಅದೇ ಸಾಕಾಗುತ್ತೆ.